ಅಕ್ಕನ ಹಾಜರಿಯ ಬೆರಳು

ಕನ್ನಡಕದ ಗಾಜು ಉಜ್ಜುವ ನಮ್ಮ ಕಾರ್ಖಾನೆ ಮುಚ್ಚಿತು. ಹಳೆಯ ಕಂಪ್ಯೂಟರುಗಳಲ್ಲಿದ್ದುದನ್ನೆಲ್ಲ ಅಳಿಸಿ, ಅವನ್ನು ಗುಜರಿಯವರಿಗೆ ಕಳಿಸುವ ಕೆಲಸ ನನ್ನ ತಲೆಗೆ ಬಂತು. ಆಫೀಸಿನವರಲ್ಲಿ ಉಳಿದವಳು ನಾನೊಬ್ಬಳೇ. ಜೊತೆಗೆ ರಿಪೇರಿಯವನಿದ್ದ. ಎಲ್ಲರೂ ಅವನನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು. ನಡೆದರೆ ಅವನ ಜೇಬು ಗಿಲಿಗಿಲಿ ಎನ್ನುತ್ತಿತ್ತು.

ಅವನು ಒಂದೊಂದೇ ಪೆಟ್ಟಿಗೆ ಬಿಚ್ಚಿ, ಹಾರ್ಡ್ ಡಿಸ್ಕ್ ತೆಗೆದು, ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದ. ಗಿರಾಕಿಗಳ ಹೆಸರು, ವಿಳಾಸ, ಕಣ್ಣಿನ ನಂಬರು ಎಲ್ಲ ಅದರೊಳಗಿದ್ದವು. ನಾನು ಬ್ಯಾಟರಿಗಳನ್ನು ಬೇರೆ ಡಬ್ಬಕ್ಕೆ ಹಾಕುತ್ತಿದ್ದೆ.

"ಉಬ್ಬಿರೋದನ್ನ ಒತ್ತಬೇಡಿ ಮೇಡಂ, ಹತ್ಕೊಂಡುಬಿಡುತ್ತೆ. ಆಮೇಲೆ ನಮ್ಮಿಬ್ಬರನ್ನೂ ಇದೇ ಡಬ್ಬಕ್ಕೆ ಹಾಕ್ಬೇಕಾಗುತ್ತೆ."

ನಗಬೇಕಿತ್ತು, ನಗು ಬರಲಿಲ್ಲ. ಅಕ್ಕ ತೀರಿಹೋದಾಗಿನಿಂದ ನಾನು ಹೀಗೇ. ಉಂಡೆನೋ ಇಲ್ಲವೋ ಎನ್ನುವುದನ್ನೂ ತಟ್ಟೆ ನೋಡಿಯೇ ತಿಳಿಯಬೇಕು. ಯಾರಾದರೂ "ಹೇಗಿದ್ದೀಯಾ" ಎಂದರೆ "ಇದ್ದೀನಿ" ಎನ್ನುತ್ತೇನೆ. ಅದು ಸುಳ್ಳಲ್ಲ.

ಕೊನೆಗೆ ಉಳಿದದ್ದು ಬಾಗಿಲ ಪಕ್ಕದ ಹಾಜರಿ ಯಂತ್ರ.

ಅಕ್ಕ ಒಳಗೆ ಗಾಜು ಉಜ್ಜುವ ಚಕ್ರದ ಮುಂದೆ ಕೂರುತ್ತಿದ್ದಳು. ನೀರು, ಪುಡಿ, ಗಾಜು ಸೇರಿ ಅವಳ ಬೆರಳ ತುದಿಗಳು ನುಣ್ಣಗೆ ಸವೆದುಹೋಗಿದ್ದವು. ಬೆಳಿಗ್ಗೆ ಅವಳು ಹೆಬ್ಬೆರಳಿಟ್ಟರೆ ಯಂತ್ರದೊಳಗಿನ ಹೆಂಗಸಿನ ದನಿ "ಮತ್ತೊಮ್ಮೆ ಪ್ರಯತ್ನಿಸಿ" ಎನ್ನುತ್ತಿತ್ತು. ಅವಳು ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಡುವಳು. ಮತ್ತೆ ಅದೇ ಮಾತು. ಹಿಂದಿನ ಸಾಲಿನವರು ಗೊಣಗುವರು. ಅಕ್ಕ ನನ್ನ ಕಡೆ ತಿರುಗಿ, "ನಾನು ಕದ್ದರೂ ಯಾರಿಗೂ ಸಿಕ್ಕಿಬೀಳಲ್ಲ ಕಣೇ" ಎನ್ನುವಳು.

ಕಡೆಗೆ ಮಾಲೀಕರೇ, "ಅಕ್ಕತಂಗಿ ಜೊತೇಲೇ ಬರ್ತೀರಲ್ಲ, ಯಾರ ಬೆರಳಾದ್ರೇನು" ಎಂದರು. ಸ್ಕ್ರೂ ನನ್ನ ಉಂಗುರದ ಬೆರಳನ್ನು ಅಕ್ಕನ ಹೆಸರಿಗೆ ಸೇರಿಸಿದ. ಅಂದಿನಿಂದ ತೋರುಬೆರಳಿಟ್ಟರೆ ನಾನು, ಉಂಗುರದ ಬೆರಳಿಟ್ಟರೆ ಅಕ್ಕ. ಅವಳ ಹೆಸರು ಹಸಿರಾಗಿ ಮೂಡುತ್ತಿತ್ತು, "ಧನ್ಯವಾದ" ಎಂಬ ದನಿ ಬರುತ್ತಿತ್ತು. ಅವಳು ಹೋದ ಮೇಲೆ ಆ ಬೆರಳನ್ನು ಮಡಚಿಕೊಂಡೇ ಹಾಜರಿ ಹಾಕಿದ್ದೇನೆ. ಹೆಸರನ್ನು ಯಾರೂ ತೆಗೆದಿರಲಿಲ್ಲ.

ಸ್ಕ್ರೂ ಯಂತ್ರದ ಮುಂದೆ ಬಂದು ಡ್ರಿಲ್ಲನ್ನು ಕೆಳಗಿಟ್ಟ. ಅವನಿಗೂ ನೆನಪಿತ್ತು.

"ಇದನ್ನ ಹಾಗೇ ಗುಜರಿಗೆ ಕೊಡೋಕಾಗಲ್ಲ. ಪಾಸ್‌ವರ್ಡ್ ಆದ್ರೆ ಬದಲಾಯಿಸ್ಬಹುದು, ಬೆರಳು ಬದಲಾಯಿಸೋಕಾಗುತ್ತಾ? ಎಲ್ಲರದ್ದೂ ಅಳಿಸ್ಬೇಕು." ಯಂತ್ರದ ಮೇಲಿನ ಧೂಳು ಒರೆಸುತ್ತ ಹೇಳಿದ: "ಒಂದನ್ನ ಬಿಟ್ಟು ಅಳಿಸ್ಬಹುದು. ಆಮೇಲೆ ಮನೆಗೆ ತಗೊಂಡೋಗಿ. ಮಾಲೀಕರಿಗೆ ನಾನು ಹೇಳ್ತೀನಿ."

"ಭಾವನ್ನ ಕೇಳ್ಕೊಂಡು ಬರ್ತೀನಿ" ಎಂದು ಕೆಳಗಿಳಿದೆ.

ಸಾಮಾನು ಸಾಗಿಸಲು ವ್ಯಾನು ತಂದಿದ್ದವನು ಭಾವ, ಅಕ್ಕನ ಗಂಡ. ಬಾಡಿಗೆಗೆ ಯಾರನ್ನೋ ಕರೆಯುವ ಬದಲು ಅವನನ್ನೇ ಕರೆದಿದ್ದೆ. ಮಾನಿಟರುಗಳ ನಡುವೆ ಹಳೆಯ ಕಂಬಳಿ ತುರುಕುತ್ತಿದ್ದ. ಯಂತ್ರದ ವಿಷಯ ಹೇಳಿ, ಅವನ ಮನೆಯಲ್ಲಿಡಬಹುದೇ ಎಂದು ಕೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡ.

"ನಾನು ಒತ್ತಿದ್ರೆ ಅವಳ ಹೆಸರು ಬರುತ್ತಾ?"

"ಇಲ್ಲ ಭಾವ. ನಾನೇ ಒತ್ತಬೇಕು."

"ಅಂದ್ರೆ ದಿನಾ ಬೆಳಿಗ್ಗೆ ನೀನು ಬಸ್ಸು ಹಿಡಿದು ನಮ್ಮನೆಗೆ ಬಂದು ಒತ್ತಿ ಹೋಗ್ತೀಯಾ?"

ಅಣಕಿಸುತ್ತಿದ್ದಾನೇನೋ ಎಂದು ಮುಖ ನೋಡಿದೆ. ಅಲ್ಲ. ಹೌದು ಎಂದರೆ ಗೋಡೆಗೆ ಮೊಳೆ ಹೊಡೆಯುವವನಂತಿದ್ದ.

ಅವನು ಕಂಬಳಿಯ ಅಂಚನ್ನು ಒಳಕ್ಕೆ ನೂಕಿದ.

"ಮನೇಲಿ ಅವಳ ಚಪ್ಪಲಿ ಎತ್ತಿಡೋಕೇ ಆಗಿಲ್ಲ ನನಗೆ," ಎಂದ. "ಇನ್ನು ಅದೊಂದು ಮಾತಾಡಿದ್ರೆ ಹೇಗೆ ಮಲಗ್ಲಿ. ಅಳಿಸಿಬಿಡಮ್ಮ."

ಮೇಲೆ ಬಂದು ಸ್ಕ್ರೂಗೆ "ಎಲ್ಲಾನೂ" ಎಂದೆ.

"ಅಳಿಸೋ ಮುಂಚೆ ಒಂದ್ಸಲ...?"

"ಬೇಡ."

ಅವನು ಗುಂಡಿಗಳನ್ನೊತ್ತಿದ. ಪರದೆ ಆರಿ ಮತ್ತೆ ಹೊತ್ತಿಕೊಂಡಿತು. "ಅಳಿಸಿಹೋಗಿದೆಯಾ ಅಂತ ನೋಡ್ಬೇಕು, ಬೆರಳಿಡಿ." ತೋರುಬೆರಳಿಟ್ಟೆ. ಕೆಂಪು ದೀಪ. ಅವನು ಬೇಕೆಂದೇ ಕಿಟಕಿಯ ಕಡೆ ತಿರುಗಿ, "ಇನ್ನೊಂದನ್ನೂ" ಎಂದ.

ಉಂಗುರದ ಬೆರಳಿಟ್ಟೆ.

"ಮತ್ತೊಮ್ಮೆ ಪ್ರಯತ್ನಿಸಿ."

ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಮತ್ತೆ ಇಟ್ಟೆ. ಮತ್ತೆ ಅದೇ ಮಾತು. ಹಿಂದೆ ಸಾಲು ಇರಲಿಲ್ಲ, ಗೊಣಗುವವರೂ ಇರಲಿಲ್ಲ. ಸ್ಕ್ರೂ ತಂತಿ ಎಳೆದ. ಯಂತ್ರ ಬಿಚ್ಚಿದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಕಂಡಿತು.

ಯಂತ್ರವನ್ನು ನಾನೇ ಕೆಳಗೊಯ್ದು ಕೊಟ್ಟೆ. ಭಾವ ಅದನ್ನು ತಿರುಗಿಸಿ ನೋಡದೆ ಕೀಬೋರ್ಡುಗಳ ಮೇಲಿಟ್ಟು, ಹಗ್ಗ ಎಳೆದು ಒಂದು ಸುತ್ತು ಬಿಗಿದ.

"ಗಂಟಿನ ಮೇಲೆ ಬೆರಳಿಡು, ಜಾರುತ್ತೆ."

ಇಟ್ಟೆ. ಅವನು ಎರಡನೇ ಗಂಟನ್ನು ಜಗ್ಗಿದ. ಬೆರಳು ಹಗ್ಗದಡಿ ಸಿಕ್ಕಿಕೊಂಡಿತು. ತೆಗೆದು ನೋಡಿದರೆ ತುದಿಯ ಗೆರೆಗಳ ಮೇಲೆ ಹಗ್ಗದ ಅಚ್ಚು, ಕೆಂಪಗೆ.

"ಅಯ್ಯೋ, ನೋವಾಯ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆ ಪುಟ್ಟ ಜಾಗ ಮಿಡಿಯುತ್ತಿತ್ತು.

"ಹೂಂ ಭಾವ," ಎಂದೆ. "ನೋಯ್ತಿದೆ."