ನಾಲ್ಕನೇ ಟ್ಯೂಬ್

'ವೈರಲ್' ಎಂಬ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಮಗುವಿಗೆ ಜ್ವರ ಬಂದರೆ ಡಾಕ್ಟರು ವೈರಲ್ ಎನ್ನುತ್ತಾರೆ, ತಾಯಿ ತಲೆಯಾಡಿಸಿ ಮನೆಗೆ ಹೋಗುತ್ತಾಳೆ. ಯಾವ ವೈರಸ್ ಎಂದು ಒಬ್ಬರಾದರೂ ಕೇಳಬೇಕಲ್ಲ. ಮನೆಗೆ ಕಳ್ಳ ನುಗ್ಗಿದ ಎಂದು ದೂರು ಕೊಟ್ಟರೆ ಪೊಲೀಸರು 'ಮನುಷ್ಯ' ಎಂದು ಬರೆದುಕೊಂಡು ಹೊರಟುಹೋದ ಹಾಗಾಯಿತು. ಇಪ್ಪತ್ತೆರಡು ವರ್ಷಗಳಿಂದ ಪರದೇಶದ ಈ ಪೆಟಾಲಿಂಗ್ ಜಯಾದ ಒಂದು ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಕೂತು ನಾನು ಮಾಡುತ್ತಿರುವುದು ಇದೊಂದೇ ಕೆಲಸ, ಬಂದ ವೈರಸ್ಸಿನ ಹೆಸರು ಪತ್ತೆ ಹಚ್ಚುವುದು. ಮಣಿಪಾಲದಲ್ಲಿ ಓದುವಾಗ ಹತ್ತಿದ ಚಟ. ಮದುವೆಯ ಪಂಕ್ತಿಯಲ್ಲಿ ಯಾರಾದರೂ ಕೆಮ್ಮಿದರೆ ವಿನೋದಾ ಪಾಯಸ ಬಿಟ್ಟು ಅತ್ತ ನೋಡುತ್ತಾಳೆ ಎಂದು ನನ್ನ ಗಂಡ ದಾಮೋದರ ಎಲ್ಲರೆದುರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ.

ಮಕ್ಕಳ ಕೈ, ಕಾಲು, ಬಾಯಿ ರೋಗದಲ್ಲಂತೂ ಹೆಸರು ಬಹಳ ಮುಖ್ಯ. ಅಂಗೈಯಲ್ಲಿ, ಅಂಗಾಲಿನಲ್ಲಿ, ಬಾಯೊಳಗೆ ಗುಳ್ಳೆಗಳು. ನೋಡಲು ಎಲ್ಲ ಮಕ್ಕಳದೂ ಹೆಚ್ಚುಕಡಿಮೆ ಒಂದೇ. ಆ ಗುಳ್ಳೆ ಎಬ್ಬಿಸುವ ವೈರಸ್‌ಗಳು ಮಾತ್ರ ಹಲವು. ಕಾಕ್ಸಾಕಿ ಎ-ಹದಿನಾರು, ಕಾಕ್ಸಾಕಿ ಎ-ಆರು ಸಾಮಾನ್ಯವಾಗಿ ಒಂದು ವಾರ ಗೋಳು ಹೊಯ್ದುಕೊಂಡು ಹೋಗುವಂಥವು. ಎಂಟೆರೋವೈರಸ್ ಎಪ್ಪತ್ತೊಂದು ಹಾಗಲ್ಲ. ಗುಳ್ಳೆ ಬಾಡುವ ಹೊತ್ತಿಗೆ ಅದು ಕೆಲವು ಮಕ್ಕಳ ಮಿದುಳಿಗೆ ಕೈ ಹಾಕಿರುತ್ತದೆ. ತೊಂಬತ್ತೇಳರಲ್ಲಿ ಇದೇ ದೇಶದ ಸರವಾಕ್‌ನಲ್ಲಿ ಮಕ್ಕಳು ಸತ್ತದ್ದನ್ನು ಇಲ್ಲಿನ ಹಳೆಯ ಡಾಕ್ಟರುಗಳು ಇನ್ನೂ ಮರೆತಿಲ್ಲ.

ನಮ್ಮ ಕಾಂಡೋದಲ್ಲಿ ಮೂರು ಮಹಡಿ ಕೆಳಗೆ ಮಂಗಳೂರಿನ ನ್ಯಾನ್ಸಿ ಇದ್ದಾಳೆ. ಅವಳ ಗಂಡ ಜಾರ್ಜ್ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಫ್ಯಾಕ್ಟರಿಯ ಇಂಜಿನಿಯರ್. ಒಂದು ವಾರ ಅವನು ಇಲ್ಲಿಗೆ ಬಂದರೆ ಇನ್ನೊಂದು ವಾರ ಇವಳು ಮಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾಳೆ. ಮಗಳು ವನೆಸ್ಸಾಗೆ ಮೂರೂವರೆ ವರ್ಷ. ನಾನು ಕನ್ನಡದಲ್ಲಿ ಗದರಿದರೆ ಇಂಗ್ಲಿಷಿನಲ್ಲಿ ಎದುರುತ್ತರ ಕೊಡುವ ಗಟ್ಟಿಗಿತ್ತಿ. ಅವಳನ್ನು ಕಂಡರೆ ನನಗೆ ಪ್ರಾಣ.

ಒಂದು ಸೋಮವಾರ ಬೆಳಿಗ್ಗೆ ಕಾರಿನ ಬಾಗಿಲು ತೆಗೆಯುತ್ತಿದ್ದಾಗ ನ್ಯಾನ್ಸಿಯ ಫೋನ್ ಬಂತು. ಪೆನಾಂಗಿನಿಂದ ಬಂದು ಇನ್ನೂ ವಾರವಾಗಿಲ್ಲ, ವನೆಸ್ಸಾಳ ಕೈಕಾಲಿನಲ್ಲಿ ಗುಳ್ಳೆ ಎದ್ದಿವೆ, ನರ್ಸರಿಯಲ್ಲಿ ಇನ್ನೂ ಐದು ಮಕ್ಕಳಿಗೆ ಹೀಗೇ ಆಗಿದೆ ಎಂದಳು. ಕ್ಲಿನಿಕ್ಕಿಗೆ ತೋರಿಸು, ಎಳನೀರು ಕುಡಿಸು, ನರ್ಸರಿಗೆ ಕಳಿಸಬೇಡ ಎಂದೆ. ತುರಿಕೆ ತಾಳಲಾರದೆ ಅಳುತ್ತಿದ್ದಾಳೆ ಎಂದಾಗ ಅದಕ್ಕೂ ಏನೋ ಒಂದು ಹೇಳಿ ಫೋನ್ ಇಟ್ಟೆ. ಏನು ಹೇಳಿದೆ ಎನ್ನುವುದು ಕಾರು ಗೇಟು ದಾಟುವ ಹೊತ್ತಿಗೆ ಮರೆತುಹೋಗಿತ್ತು.

ಮಂಗಳವಾರ ಆ ಆರು ಮಕ್ಕಳ ಗುಳ್ಳೆಗಳಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್‌ಗಳು ನಮ್ಮ ಲ್ಯಾಬಿಗೇ ಬಂದವು. ಟ್ಯೂಬುಗಳ ಮೇಲೆ ಹೆಸರಿರಲಿಲ್ಲ, ನಂಬರ್ ಮಾತ್ರ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಐದು ಟ್ಯೂಬುಗಳಲ್ಲಿ ಕಾಕ್ಸಾಕಿ ಎ-ಆರು ಸಿಕ್ಕಿತು. ನಾಲ್ಕನೇ ಟ್ಯೂಬಿನಲ್ಲಿ ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲ ಎಂದರೆ ವೈರಸ್ ಇಲ್ಲ ಎಂದಲ್ಲ. ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಪ್ರತಿ ಸ್ಯಾಂಪಲ್ಲಿಗೂ ನಾವೇ ಒಂದು ಗುರುತು ಬೆರೆಸಿರುತ್ತೇವೆ, ಕೊನೆಗೆ ಅದಾದರೂ ಕಾಣಬೇಕು. ನಾಲ್ಕರಲ್ಲಿ ಆ ಗುರುತೂ ಮಾಯ. ಅಂದರೆ ಪರೀಕ್ಷೆಯೇ ನಡೆದಿಲ್ಲ. ಇನ್ನೊಮ್ಮೆ ಮಾಡಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ನ್ಯಾನ್ಸಿಯ ಮೆಸೇಜು ಬಂತು, ಯಾವ ವೈರಸ್ ಎಂದಲ್ಲ, ಹೆದರಬೇಕಾ ಎಂದು. ಎಲ್ಲ ಸೌಮ್ಯದ ಜಾತಿಯೇ, ಆರಾಮಾಗಿರು ಎಂದು ಬರೆದು ಕಳಿಸಿದೆ. ಐದು ಮಕ್ಕಳದ್ದನ್ನು ನೋಡಿ ಆರೂ ಮಕ್ಕಳಿಗೆ ಅದೇ ಎಂದುಬಿಟ್ಟೆ. ಬೇರೆಯವರು ಇದೇ ತಪ್ಪು ಮಾಡಿದ್ದರೆ ನಾನು ಅವರ ಜನ್ಮ ಜಾಲಾಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಎರಡನೇ ಪರೀಕ್ಷೆಯೂ ಕೈಕೊಟ್ಟಿತು. ಮಾತಿಗೊಂದು 'ಲಾ' ಸೇರಿಸುವ ನಮ್ಮ ಟೆಕ್ನಿಷಿಯನ್ ಹಯಾತಿ, ಅದೇ ನರ್ಸರಿಯ ಮಗು ಲಾ, ಇದೂ ಎ-ಆರೇ ಇರುತ್ತದೆ, ಹಾಗೇ ಬರೆದುಬಿಡೋಣವೇ ಎಂದು ಕೇಳಿದಳು. ಊಹೆ ಬರೆಯುವುದಾದರೆ ಈ ಯಂತ್ರಗಳನ್ನೆಲ್ಲ ಮಾರಿ ಬೀದಿಬದಿಯಲ್ಲಿ ಮಾಮಕ್ ತಿಂಡಿ ಅಂಗಡಿ ಇಡೋಣ, ರೊಟ್ಟಿಯಾದರೂ ಬೇಯುತ್ತದೆ ಎಂದು ಗದರಿದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಶಿಸ್ತಲ್ಲ, ಕುತೂಹಲ. ಒಂದೇ ದಿನ, ಒಂದೇ ಕ್ಲಿನಿಕ್, ಒಂದೇ ಡಬ್ಬಿಯ ಟ್ಯೂಬುಗಳು. ಇದೊಂದೇ ಯಾಕೆ ಮುಷ್ಕರ ಹೂಡಿದೆ?

ವೈರಸ್ ಹೊರಬಾರದಂತೆ ಗಾಜು ಹಾಕಿದ ಸುರಕ್ಷಾ ಪೆಟ್ಟಿಗೆಯೊಳಗೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ. ನೀರಿನ ಹಾಗಿರಬೇಕಾದ ದ್ರವ ತಿಳಿ ಹಳದಿಯಾಗಿತ್ತು. ಬ್ಯಾಕ್ಟೀರಿಯಾ ಬೆಳೆದಿದ್ದರೆ ಕದಡಿರಬೇಕಿತ್ತು, ಇದು ತಿಳಿಯಾಗಿಯೇ ಇತ್ತು. ಮೇಲೆ ಒಂದು ಪುಟ್ಟ ಎಣ್ಣೆಯ ಹನಿ ತೇಲುತ್ತಿತ್ತು. ಮೂಸಿ ನೋಡುವ ಆಸೆಯಾಯಿತು. ಹಾಗೆ ಮೂಸಿದ್ದಕ್ಕೆ ಕಳೆದ ವರ್ಷ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಅಟ್ಟಿದ್ದು ನೆನಪಾಗಿ ಸುಮ್ಮನಾದೆ. ಎಣ್ಣೆಯ ಹನಿಯನ್ನು ಬಿಳಿ ಕಾಗದದ ಮೇಲೆ ಇಳಿಸಿ, ಪಕ್ಕದ ಸೀಸೆಯಿಂದ ಒಂದು ತೊಟ್ಟು ಕ್ಷಾರ ಹಾಕಿದೆ. ಹಳದಿ ಕಲೆ ನೋಡನೋಡುತ್ತ ಕೆಂಪಾಯಿತು.

ಇದಕ್ಕೆ ಪುಸ್ತಕ ಬೇಕಿಲ್ಲ. ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಮಾಡುವುದನ್ನು ನಾನು ಉಡುಪಿಯಲ್ಲಿ ಲಂಗ ತೊಡುವ ವಯಸ್ಸಿನಿಂದ ನೋಡಿದ್ದೇನೆ. ಅರಿಶಿನ, ಎಣ್ಣೆ ಎರಡೂ ಸೇರಿ ಪರೀಕ್ಷೆಯ ಕತ್ತು ಹಿಸುಕಿದ್ದವು. ಖುಷಿಯಿಂದ ಹಯಾತಿಯ ಬೆನ್ನು ತಟ್ಟಿದೆ. ಮರುಕ್ಷಣವೇ ಸಿಟ್ಟು ಬಂತು. ಹಸಿ ಗುಳ್ಳೆಗೆ ಅರಿಶಿನ ಮೆತ್ತಿ ಸ್ಯಾಂಪಲ್ ಕೊಟ್ಟ ಆ ಬುದ್ಧಿವಂತೆ ಯಾರು, ತುರಿಕೆಗೆ ಅರಿಶಿನ ಹಚ್ಚು ಎಂದು ಇವರಿಗೆ ಹೇಳಿಕೊಡುವವರಾದರೂ ಯಾರು ಎಂದು ಬಯ್ಯಲು ಶುರುಮಾಡಿದೆ.

ಮಾತು ಅರ್ಧಕ್ಕೇ ನಿಂತಿತು. ಕಾರಿನ ಬಾಗಿಲು, ಕಿವಿಗೆ ಒತ್ತಿ ಹಿಡಿದ ಫೋನು, 'ಅರಿಶಿನಕ್ಕೆ ತೆಂಗಿನೆಣ್ಣೆ ಕಲಸಿ ಹಚ್ಚು' ಎನ್ನುತ್ತಿದ್ದ ನನ್ನದೇ ಗಂಟಲು. ನಮ್ಮಮ್ಮ ನನಗೆ ಹಚ್ಚುತ್ತಿದ್ದದ್ದು ಅದೇ, ಬಾಯಿಗೆ ತಾನಾಗಿ ಬಂದಿತ್ತು. ಯಾವ ನಂಬರು ಯಾವ ಮಗುವಿನದು ಎಂದು ಕ್ಲಿನಿಕ್ಕಿನವರು ಕಳಿಸಿದ್ದ ಪಟ್ಟಿ ತೆಗೆದು ನೋಡಿದೆ. ನಾಲ್ಕನೇ ನಂಬರು ವನೆಸ್ಸಾ.

ಫೋನ್ ಮಾಡಿದಾಗ ನ್ಯಾನ್ಸಿ ನೆಮ್ಮದಿಯಾಗಿದ್ದಳು. ಗುಳ್ಳೆ ಒಣಗುತ್ತಿವೆ, ಜ್ವರ ಮಾತ್ರ ನಾಲ್ಕು ದಿನವಾದರೂ ಬಿಟ್ಟಿಲ್ಲ, ಸೌಮ್ಯದ್ದಲ್ಲವಾ, ಇಳಿಯುತ್ತದೆ ಎಂದಳು. ನಿದ್ದೆ ಹೇಗಿದೆ ಎಂದು ಕೇಳಿದೆ.

"ಮಲಗಿದಲ್ಲೇ ಬೆಚ್ಚಿ ಬೆಚ್ಚಿ ಬೀಳ್ತಾಳೆ ವಿನೋದಕ್ಕ. ಈಗ ಸಹ ಎರಡು ಸಲ ಬೆಚ್ಚಿದಳು."

"ನಡಿಗೆ ಸರಿ ಉಂಟಾ?"

"ಬೆಳಿಗ್ಗೆ ಬಾತ್‌ರೂಮಿಗೆ ಹೋಗುವಾಗ ವಾಲಿ ಬಿದ್ದಳು. ಜ್ವರದ ಸುಸ್ತಲ್ವಾ ಅದು?"

ಗುಳ್ಳೆ ಬಾಡಿದ ಮೇಲೂ ಜ್ವರ, ನಿದ್ದೆಯಲ್ಲಿ ಬೆಚ್ಚುವುದು, ವಾಲುವ ನಡಿಗೆ, ಇದನ್ನು ನಾನು ವರ್ಷಕ್ಕೆ ಎರಡು ಸಲ ತರಗತಿಯಲ್ಲಿ ಪಾಠ ಮಾಡುತ್ತೇನೆ. ಮಗುವನ್ನು ಎತ್ತಿಕೊಂಡು ಕೆಳಗೆ ನಿಲ್ಲು, ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದೆ. ಹತ್ತು ನಿಮಿಷಕ್ಕೆ ಮೊದಲೇ ಹೋದೆ.

ಆಸ್ಪತ್ರೆಯಲ್ಲಿ ಹೆಸರಿಗೆ ಕಾಯದೆ ಚಿಕಿತ್ಸೆ ಶುರುಮಾಡಿದರು. ಗಂಟಲಿನಿಂದ ಹೊಸ ಸ್ಯಾಂಪಲ್ ತೆಗೆಸಿದೆ. ಅದನ್ನು ಹಿಡಿದು ಲ್ಯಾಬಿಗೆ ಹೊರಡುವ ಮೊದಲು ಕಾರಿಡಾರಿನಲ್ಲಿ ನ್ಯಾನ್ಸಿಗೆ ಎಲ್ಲ ಹೇಳಿಬಿಟ್ಟೆ. ಪರೀಕ್ಷೆ ಕೆಟ್ಟದ್ದು ಅರಿಶಿನದಿಂದ, ಹಚ್ಚಲು ಹೇಳಿದವಳು ನಾನು. ಅವಳು ನನ್ನ ಕೈಯಲ್ಲಿದ್ದ ಸ್ಯಾಂಪಲ್ ನೋಡುತ್ತ ಹೇಳಿದಳು.

"ಅರಿಶಿನ ನೀವು ಹೇಳದಿದ್ರೂ ನಾನು ಹಚ್ತಿದ್ದೆ ಅಕ್ಕ. ನಮ್ಮಮ್ಮನೂ ಅದೇ ಹಚ್ಚುದು. ಆದ್ರೆ ಆರಾಮಾಗಿರು ಅಂತ ಬರೆದ್ರಲ್ಲ, ನಾನು ಆರಾಮಾಗಿ ಇದ್ದೆ."

ನನಗೆ ನಾಚಿಕೆಯಾಯಿತು. ಸರ್ಟಿಫಿಕೇಟುಗಳೆಲ್ಲ ಮುಖಕ್ಕೆ ಬಂದು ಬಡಿದಷ್ಟು ನಾಚಿಕೆ.

ಶುಕ್ರವಾರ ಬೆಳಿಗ್ಗೆ ಹೆಸರು ಸಿಕ್ಕಿತು. ಎಂಟೆರೋವೈರಸ್ ಎಪ್ಪತ್ತೊಂದು. ಐದು ಮಕ್ಕಳಿಗೆ ಒಂದು, ಅವರ ಜೊತೆಗೇ ಆಡುತ್ತಿದ್ದ ಆರನೆಯವಳಿಗೆ ಇನ್ನೊಂದು. ಎಲ್ಲಿಂದ ಬಂತು, ಬಯಾನ್ ಲೆಪಾಸ್‌ನ ಈಜುಕೊಳದಿಂದಲೋ, ದಾರಿಯಲ್ಲಿ ಬಸ್ಸು ನಿಂತಲ್ಲಿಂದಲೋ, ಇವತ್ತಿಗೂ ಗೊತ್ತಿಲ್ಲ. ಆ ಪ್ರಶ್ನೆ ನನ್ನನ್ನು ಇನ್ನೂ ಕೊರೆಯುತ್ತಿದೆ. ಎರಡು ದಿನ ವನೆಸ್ಸಾ ಕಣ್ಣು ಬಿಟ್ಟರೂ ನಮ್ಮನ್ನು ನೋಡಲಿಲ್ಲ. ಜಾರ್ಜ್ ಪೆನಾಂಗಿನಿಂದ ಬಂದು ಮಂಚದ ಪಕ್ಕ ಕೂತವನು ಎದ್ದದ್ದೇ ಕಡಿಮೆ. ಮೂರನೇ ದಿನ ಜ್ವರ ಬಿಟ್ಟಿತು, ಬೆಚ್ಚುವುದು ನಿಂತಿತು. ಹತ್ತನೇ ದಿನ ಅವಳು ಅಪ್ಪನ ಬೆರಳು ಹಿಡಿದು ನೇರವಾಗಿ ನಡೆದು ಮನೆಗೆ ಬಂದಳು. ನ್ಯಾನ್ಸಿ ಮಾತ್ರ ಲಿಫ್ಟಿನಲ್ಲಿ ಸಿಕ್ಕರೂ ನೆಲ ನೋಡುತ್ತಿದ್ದಳು. ನಾನೂ ಮೇಲೆ ಬಿದ್ದು ಮಾತಾಡಲಿಲ್ಲ.

ಒಂದು ತಿಂಗಳ ಮೇಲೆ ನರ್ಸರಿಯಲ್ಲಿ ಹೊಸ ಗಲಾಟೆ. ಆ ಐದು ಮಕ್ಕಳ ಉಗುರುಗಳು ಬುಡದಿಂದ ಕಳಚಿ ಬೀಳತೊಡಗಿದವು. ತಾಯಂದಿರು ಹೌಹಾರಿದರು. ಎ-ಆರು ಬಂದು ಹೋದ ಮೇಲೆ ಹೀಗಾಗುವುದುಂಟು, ನೋವಿಲ್ಲ, ಹೊಸ ಉಗುರು ಬರುತ್ತದೆ ಎಂದು ನಾನೇ ಹೋಗಿ ಸಮಾಧಾನ ಹೇಳಿ ಬಂದೆ.

ಆ ಭಾನುವಾರ ನಮ್ಮ ಮನೆಯ ಬೆಲ್ ಆಯಿತು. ನ್ಯಾನ್ಸಿ ಮಗಳ ಕೈ ಹಿಡಿದು ನಿಂತಿದ್ದಳು. ಇವಳ ಕಾಟ ತಡೆಯಲಾಗದೆ ಬಂದೆ, ನೀವೇ ಉತ್ತರ ಕೊಡಿ ಎಂದಳು. ವನೆಸ್ಸಾ ಮುಖ ಊದಿಸಿಕೊಂಡಿದ್ದಳು. ಗೆಳತಿಯರಿಗೆಲ್ಲ ಉಗುರು ಉದುರಿ ಹೊಸದು ಬರುತ್ತಿದೆ, ತನಗೆ ಮಾತ್ರ ಯಾಕಿಲ್ಲ ಎಂದು ಹತ್ತು ಬೆರಳನ್ನೂ ನನ್ನ ಮುಂದೆ ಚಾಚಿದಳು. ಒಂದೊಂದೇ ಉಗುರು ಒತ್ತಿ ನೋಡಿದೆ. ಎಲ್ಲವೂ ಗಟ್ಟಿಯಾಗಿದ್ದವು. ಅವರಿಗೆ ಬಂದ ವೈರಸ್ ಬೇರೆ, ನಿನಗೆ ಬಂದದ್ದೇ ಬೇರೆ ಕಂದಾ ಎಂದೆ.

ಅವಳು ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಮೈನ್, ವಾಟ್ ನೇಮ್ ಆಂಟಿ?"

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಯಾವ ರೋಗಿಯೂ ಇದನ್ನು ಕೇಳಿರಲಿಲ್ಲ. ಹೇಳಿ ವಿನೋದಕ್ಕ, ಪೂರ್ತಿ ಹೆಸರು ಹೇಳಿ ಎಂದು ನ್ಯಾನ್ಸಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.