ಬಣ್ಣ ಮರಳಿದ ವಾರ

ಮೈಲೂರಿನ ಮನೆಯ ಪಡಸಾಲೆಯಲ್ಲಿ ಸುಶೀಲಕುಮಾರ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಟ್ಟಿದ್ದ. ಅಳೆದು ಉಪ್ಪು ಬೆರೆಸಿದ ನೀರು, ಮೇಲೊಂದು ನೀಲಿ ದೀಪ, ಒಳಗೆ ಕಲ್ಲಿಗೆ ಅಂಟಿ ಬೆಳೆಯುವ ಜೀವಂತ ಹವಳ. ಮೊದಲ ತುಂಡು ಕೊಟ್ಟವನು ಭಾಲ್ಕಿಯಲ್ಲಿ ಬಣ್ಣದ ಮೀನು ಮಾರುವ ಹಬೀಬ. ಹೆಬ್ಬೆರಳಿನಷ್ಟಿದ್ದದ್ದು ನಾಲ್ಕು ವರ್ಷದಲ್ಲಿ ಅಂಗೈ ಅಗಲವಾಗಿ, ಅಪ್ಪಟ ನೇರಳೆಯಾಗಿ ಹರಡಿತ್ತು.

ಸುಶೀಲ ಔರಾದಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಹಗಲೆಲ್ಲ ಊರವರ ರಕ್ತ ಪರೀಕ್ಷಿಸಿ ಬಂದವನು ಸಂಜೆ ಚಹಾಕ್ಕೂ ಮುಂಚೆ ತೊಟ್ಟಿಯ ನೀರು ಪರೀಕ್ಷಿಸುತ್ತಿದ್ದ. ಅವನ ಅವ್ವ ಕೌಸಲ್ಯಾಬಾಯಿ, ಖಟಕ ಚಿಂಚೋಳಿಯಲ್ಲಿ ಕಂಡವರ ಹೊಲದ ಕಳೆ ಕಿತ್ತು ಅವನನ್ನು ಓದಿಸಿದವಳು, ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಎರಡು ಕಿತ್ತಳೆ ಬಣ್ಣದ ಮೀನಿಗೆ ಬೆಳಿಗ್ಗೆ ಒಂದು ಚಿಟಿಕೆ ಆಹಾರ ಹಾಕುವ ಕೆಲಸ ಅವಳದು.

ಚಳಿ ಶುರುವಾಗುವ ಹೊತ್ತಿಗೆ ಹವಳದ ಬಣ್ಣ ಇಳಿಯತೊಡಗಿತು. ನೇರಳೆಯ ಮೇಲೆ ಚಹಾದ ಕಲೆಯಂಥ ಕಂದು ಏರಿತು. ನೀರಿನಲ್ಲಿ ನೈಟ್ರೇಟ್ ಮಿತಿಮೀರಿತ್ತು. ಅವನು ನೀರು ಬದಲಿಸಿದ, ದೀಪ ತಗ್ಗಿಸಿದ, ಬೇರೆ ಉಪ್ಪು ತರಿಸಿದ. ವಾರದೊಳಗೆ ಎಲ್ಲ ಮತ್ತೆ ಅಲ್ಲಿಗೇ ಬರುತ್ತಿತ್ತು. ನೆಲ ಒರೆಸುವ ನೀರು ಸಿಡಿಸಿರಬೇಕೆಂದು ಹೆಂಡತಿ ಕರುಣಾಳ ಮೇಲೆ ಹರಿಹಾಯ್ದ. ಅವಳು ಎರಡು ದಿನ ಮಾತು ಬಿಟ್ಟಳು.

ಕೊನೆಗೆ ಹಬೀಬನಿಗೆ ಫೋಟೊ ಕಳಿಸಿದ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಮಿಕ್ಕ ಆಹಾರ ಕೊಳೆತು ನೀರಿನಲ್ಲಿ ನೈಟ್ರೇಟಿನ ಸತ್ವ ಹೆಚ್ಚಾದರೆ ಅದು ಸೊಕ್ಕಿ ಬಣ್ಣವನ್ನು ಮುಚ್ಚುತ್ತದೆ ಎಂದು ಹಬೀಬ ಫೋನಿನಲ್ಲಿ ವಿವರಿಸಿದ. "ಲೈಟಿನ ಮಾತ್ ಬಿಡ್ರಿ ಭಾಯಿ. ಮೀನಿಗಿ ದಿನಕ್ಕ ಎಷ್ಟ್ ಸಲ ಹಾಕ್ಲತ್ತಾರ, ಅದ್ ನೋಡ್ರಿ."

ಭಾನುವಾರ ಸುಶೀಲ ಪೇಪರ್ ಹಿಡಿದು ಪಡಸಾಲೆಯಲ್ಲೇ ಕೂತ. ಎಂಟಕ್ಕೆ ಅವ್ವ ಡಬ್ಬಿ ತೆಗೆದು ಚಿಟಿಕೆ ಹಾಕಿದಳು. ಎಂಟೂವರೆಗೆ ಮತ್ತೆ ಹಾಕಿದಳು. ಮಧ್ಯಾಹ್ನದೊಳಗೆ ಒಂಬತ್ತು ಸಲವಾಯಿತು, ಪ್ರತಿ ಸಲವೂ ಅಷ್ಟೇ ಆಸ್ಥೆಯಿಂದ.

"ಅವ್ವಾ, ಈಗರೆ ಹಾಕಿದ್ಯಲ್ಲಬೇ," ಎಂದ.

"ಇಲ್ಲಪ್ಪ. ಮುಂಜಾನಿಂದ ಯಾರೂ ಹಾಕಿಲ್ಲ. ಹಸದಾವ ನೋಡು, ಹ್ಯಾಂಗ ಬಾಯಿ ತೆರಿಲತ್ತಾವ."

ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಅತ್ತೆ ಒಂದೇ ವಾರದಲ್ಲಿ ಮೂರು ಸಲ ಗಾಂಧಿ ಗಂಜ್ ಪೇಟೆಗೆ ಹೋಗಿ ತೊಗರಿ ಬೇಳೆ ತಂದದ್ದನ್ನು ಕರುಣಾ ಆಗ ಹೇಳಿದಳು, ವಯಸ್ಸಾಯಿತೆಂದು ಸುಮ್ಮನಿದ್ದಳಂತೆ. ಡಾಕ್ಟರು ಮರೆವಿನ ಕಾಯಿಲೆ ಎಂದರು. ಮಾತ್ರೆಯಿಂದ ತುಸು ತಡೆಯಬಹುದು, ಹೋದದ್ದು ಬರುವುದಿಲ್ಲ ಎಂದರು.

ಸುಶೀಲ ಒಂದು ದಿನ ಡಬ್ಬಿ ಬಚ್ಚಿಟ್ಟ. ಅವಳು ಕಪಾಟು, ಹಾಸಿಗೆ, ಕಸದ ಬುಟ್ಟಿಯವರೆಗೆ ಹುಡುಕಿ, ಕೊನೆಗೆ ತನ್ನ ತಾಟಿನ ರೊಟ್ಟಿ ಮುರಿದು ನೀರಿಗೆ ಹಾಕಿದಳು. ಅಂದಿನಿಂದ ಅವನು ದಿನದ ಒಂದು ಚಿಟಿಕೆಯನ್ನೇ ಹತ್ತು ಪಾಲು ಮಾಡಿ, ಹತ್ತು ಪೊಟ್ಟಣ ಕಟ್ಟಿ ಕರುಣಾಳ ಕೈಗಿತ್ತು ಔರಾದಿನ ಬಸ್ಸು ಹಿಡಿಯುತ್ತಿದ್ದ. ಕೇಳಿದಾಗೊಂದು ಕೊಡು ಎಂದಿದ್ದ. ಆದರೂ ನೀರಿನಲ್ಲಿ ಆಗಾಗ ರೊಟ್ಟಿಯ ಚೂರು ತೇಲುತ್ತಿತ್ತು, ಕಂದು ಹೋಗಿರಲಿಲ್ಲ.

ಯುಗಾದಿಯ ಹಿಂದಿನ ವಾರ ಹವಳದ ತುದಿಗಳಲ್ಲಿ ನೇರಳೆ ಮೂಡಿತು. ನಾಲ್ಕು ದಿನದಲ್ಲಿ ಅದು ಬುಡದವರೆಗೆ ಇಳಿಯಿತು. ಪೊಟ್ಟಣದ ಉಪಾಯ ಫಲಿಸಿತೆಂದು ಅವನು ಹಿಗ್ಗಿ ಕರುಣಾಳನ್ನು ಕರೆದು ತೋರಿಸಿದ. ಅವಳು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ಮುಂದಿಟ್ಟಳು. ತುಂಬ ಪೊಟ್ಟಣಗಳಿದ್ದವು, ಬಿಚ್ಚದವು.

"ಅತ್ತಿ ಕೇಳೋದೇ ಬಿಟ್ಟಾರ್ರಿ, ರೊಟ್ಟಿನೂ ಹಾಕಲ್ಲ. ಮೂರ್ ವಾರ ಆಯ್ತು. ಮೀನಿಗಿ ನಾನೇ ದೊಡ್ಡ ಡಬ್ಬ್ಯಾಗಿಂದ ದಿನಾ ಒಂದ್ ಚಿಟಿಕಿ ಹಾಕ್ಲತ್ತೀನಿ. ಐತವಾರ ಅಷ್ಟ ಅವರ ಕೈಯಾಗ ಕೊಟ್ಟು ಹಾಕಸ್ತಿದ್ದೆ, ನೀವ್ ಮನ್ಯಾಗ ಇರ್ತೀರಂತ."

ಸುಶೀಲ ಒಂದು ಪೊಟ್ಟಣ ಬಿಚ್ಚಿ ಅವ್ವನ ಅಂಗೈಯಲ್ಲಿಟ್ಟ. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. "ಇದೇನ್ರಿ?" ಎಂದಳು. ಹೆತ್ತ ಮಗನಿಗೆ ಅವಳು ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು.

ಅವನು ಡಬ್ಬಿಯ ಒಂದೊಂದೇ ಪೊಟ್ಟಣ ಬಿಚ್ಚಿ ತೊಟ್ಟಿಗೆ ಸುರುವಿದ, ನೂರೆಂಬತ್ತರಷ್ಟನ್ನೂ. ಕರುಣಾ ತಡೆಯಲಿಲ್ಲ. ಮರುದಿನ ನೀರು ಗಂಜಿಯ ಹಾಗೆ ಬೆಳ್ಳಗಾಗಿ ನಾರುತ್ತಿತ್ತು. ಅವನು ರಜೆ ಹಾಕಿದ. ಇಬ್ಬರೂ ಬಕೆಟ್ ಹಿಡಿದು ನೀರು ಹೊತ್ತರು. ಮೀನು ಬದುಕಿದವು, ಹವಳ ಉಳಿಯಲಿಲ್ಲ.