ಖಾನಾಪುರದಲ್ಲಿ ನಿಲ್ಲದ ಗಾಡಿ

ಶಹಾಪುರದ ಬಾಳಪ್ಪನಿಗೆ ಆ ವಾರವೆಲ್ಲ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಗ ಗುರುಪುತ್ರಪ್ಪ ಮಿಲಿಟರಿ ಟ್ರೇನಿಂಗ್ ಮುಗಿಸಿ ಶುಕ್ರವಾರ ಆಣೆ ಮಾಡುವ ಕಸಮ್ ಪರೇಡಿಗೆ ನಿಲ್ಲುವವನಿದ್ದ. ಈ ಸುದ್ದಿಯನ್ನು ಬಾಳಪ್ಪ ಚಹಾದಂಗಡಿಯಲ್ಲಿ ಹೇಳಿದ, ಕ್ಷೌರದಂಗಡಿಯಲ್ಲಿ ಹೇಳಿದ, ಕೇಳಿದವರಿಗೇ ಮತ್ತೊಮ್ಮೆ ಹೇಳಿದ. ಮಗ ಇದ್ದದ್ದು ಬೆಳಗಾವಿಯ ಕ್ಯಾಂಪಿನಲ್ಲಿ, ಮನೆಯಿಂದ ಮೂರು ಮೈಲಿ. ಆದರೂ ಒಂಬತ್ತು ತಿಂಗಳು ಅವನ ಮುಖ ಕಂಡಿರಲಿಲ್ಲ. ಕಾಶಿಗೆ ಹೋದವರಾದರೂ ಅಷ್ಟರಲ್ಲಿ ತಿರುಗಿ ಬಂದುಬಿಡುತ್ತಿದ್ದರು.

ಬಾಳಪ್ಪನ ಹೆಂಡತಿ ಶಿವಬಸವ್ವ, ಮಗಳು ಕಾಂತಾಳ ಬಾಣಂತನಕ್ಕೆಂದು ಖಾನಾಪುರದ ಅಳಿಯನ ಮನೆಯಲ್ಲಿದ್ದಳು. ಹಸಿ ಬಾಣಂತಿಯನ್ನು ಬಿಟ್ಟು ಪರೇಡಿಗೆ ಬರುವಂತಿರಲಿಲ್ಲ. ಪರೇಡ್ ಮುಗಿದ ಮೇಲೆ ಮಗನಿಗೆ ಒಂದು ತಿಂಗಳು ರಜೆ ಸಿಗುವುದಿತ್ತು. ಅದೇ ಸಂಜೆಯ ಗಾಡಿಗೆ ಅಪ್ಪ ಮಗ ಇಬ್ಬರೂ ಖಾನಾಪುರಕ್ಕೆ ಬರುವುದು, ತಾನು ಸ್ಟೇಶನ್ನಿಗೇ ಬಂದು ನಿಲ್ಲುವುದು ಎಂದು ಅವಳು ಪತ್ರ ಬರೆಸಿ ಕಳಿಸಿದ್ದಳು. 'ಅವನ್ನ ನಾನ ಮೊದಲ ನೋಡಬೇಕು' ಎಂಬ ಮಾತನ್ನು ಎರಡು ಸಲ ಬರೆಸಿದ್ದಳು.

ಮಗ ಮಿಲಿಟರಿಗೆ ಸೇರುವತನಕ ಅವರ ಮೂರೂ ಜನರ ಬದುಕು ಒಂದೇ ಪವರ್‌ಲೂಮ್ ಶೆಡ್ಡಿನಲ್ಲಿ ನಡೆದಿತ್ತು. ಬಾಳಪ್ಪ, ಗುರುಪುತ್ರಪ್ಪ ಮಗ್ಗದ ಮೇಲೆ. ಶಿವಬಸವ್ವ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ. ಹದಿನಾರು ಮಗ್ಗಗಳ ಖಟಖಟದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಮಾತು ಕೇಳುವುದಿಲ್ಲ. ಹಾಗಾಗಿ ಶೆಡ್ಡಿನವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಕಣ್ಣಿಗೆ ಮುಟ್ಟಿಸಿ ಅಂಗೈಯನ್ನು ಒಮ್ಮೆ ತಿರುವಿದರೆ, 'ನನ್ನ ಮಗ್ಗ ನೋಡ್ಕೊಂಡಿರ್ರಿ, ಈಗ ಬಂದೆ' ಎಂದರ್ಥ. ಕಂಡವರು ಎದೆಯ ಮೇಲೆ ಕೈಯಿಟ್ಟರೆ, 'ಹೋಗು, ನಾ ನೋಡತೇನಿ'. ಹಾಗೆ ಕೈಯಿಟ್ಟವರು, ಹೋದವನು ತಿರುಗಿ ಬರುವತನಕ ಆ ಮಗ್ಗದ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಅದು ಶೆಡ್ಡಿನ ರೀತಿ.

ಶುಕ್ರವಾರ ಬಾಳಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಎಲ್ಲರಿಗಿಂತ ಮೊದಲು ಹೋಗಿ ಮೈದಾನದ ಅಂಚಿನಲ್ಲಿ ಕುಳಿತ. ಬ್ಯಾಂಡು ಬಾರಿಸಿತು. ಇನ್ನೂರು ಹುಡುಗರು ಒಂದೇ ಹೆಜ್ಜೆಯಲ್ಲಿ ಬಂದರು, ಬಾವುಟದ ಮುಂದೆ ಆಣೆ ಮಾಡಿದರು. ಬಾಳಪ್ಪನ ಕಣ್ಣು ತುಂಬಿ ಬಂತು. ಆದರೆ ಇನ್ನೂರರಲ್ಲಿ ತನ್ನವನು ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಮಗ್ಗಕ್ಕೆ ಬಾಗಿ ಬಾಗಿ ಮಗನ ಎಡಭುಜ ಇಳಿದಿತ್ತು. ಆ ಗುರುತಿನಿಂದಲೇ ಹುಡುಕುತ್ತಿದ್ದ. ಇಲ್ಲಿ ಇಳಿದ ಭುಜದವರು ಒಬ್ಬರೂ ಇರಲಿಲ್ಲ. ಮೂರನೆಯ ಸಾಲಿನ ಒಬ್ಬ ಹುಡುಗನನ್ನು ತನ್ನವನೆಂದೇ ನಂಬಿ ಅರ್ಧ ತಾಸು ಮನಸಾರೆ ಹೆಮ್ಮೆಪಟ್ಟ. ಅವನು ಯಾರ ಮಗನೋ ಏನೋ.

ಪರೇಡ್ ಮುಗಿದಾಗ ಬೋಳು ತಲೆಯ, ಒಣಗಿದ ಮುಖದ, ಸೆಟೆದು ನಿಂತ ಒಬ್ಬ ಸಿಪಾಯಿ ಬಂದು ಕಾಲು ಮುಟ್ಟಿದ.

"ಅಪ್ಪಾ, ನಾ."

ಬಾಳಪ್ಪ ಅವನ ಭುಜ ಮುಟ್ಟಿ ಮುಟ್ಟಿ ನೋಡಿದ. "ನೆಟ್ಟಗ ಆತಲ್ಲೋ ತಮ್ಮಾ. ನಡಿ, ನಿಮ್ಮವ್ವ ಹಾದಿ ನೋಡಾಕತ್ತಾಳ."

ಗುರುಪುತ್ರಪ್ಪ ನೆಲ ನೋಡಿದ. "ರಜಾ ಇಲ್ಲಪ್ಪ. ಎಲ್ಲಾರದೂ ರದ್ದ್ ಮಾಡ್ಯಾರ. ಮೂರು ಗಂಟೆಕ್ಕ ಸ್ಪೆಶಲ್ ಗಾಡಿ ಐತಿ. ಪೂರ್ವದ ಕಡೆ ಅಂತ ಅಷ್ಟ ಹೇಳ್ಯಾರ."

ಅದು ಎಪ್ಪತ್ತೊಂದನೆಯ ಇಸವಿ. ಪೂರ್ವದ ಕಡೆ ಏನು ನಡೆದಿದೆಯೆಂದು ಚಹಾದಂಗಡಿಯ ರೇಡಿಯೋ ಎರಡು ತಿಂಗಳಿಂದ ಹೇಳುತ್ತಲೇ ಇತ್ತು.

"ಗಾಡಿ ಖಾನಾಪುರದ ಮ್ಯಾಲ ಹೊಕ್ಕೈತೇನು?"

"ಹೊಕ್ಕೈತಿ. ಖರೇ, ನಿಲ್ಲಂಗಿಲ್ಲ."

ಬಾಳಪ್ಪ ಹವಾಲ್ದಾರನ ಹತ್ತಿರ ಹೋಗಿ ಕೈ ಮುಗಿದ. "ಸಾಹೇಬ್ರ, ಎರಡ ನಿಮಿಷ ಖಾನಾಪುರದಾಗ ನಿಲ್ಲಸ್ರಿ. ಇವನ ಅವ್ವ ಅಲ್ಲೇ ಅದಾಳ." ಹವಾಲ್ದಾರ ಒಳ್ಳೆಯವನು, ಬೈಯಲಿಲ್ಲ. "ಕಾಕಾ, ಅದು ನನ್ನ ಕೈಯಾಗ ಇಲ್ಲ" ಎಂದ. ಬೆಳಗಾವಿಯ ಸ್ಟೇಶನ್ ಮಾಸ್ತರನ ಹತ್ತಿರ ಹೋದರೆ, "ಖಾನಾಪುರಕ್ಕ ಫೋನ್ ಐತ್ರಿ, ಖರೇ ಅದು ಗಾಡಿ ಸುದ್ದಿಗಷ್ಟ" ಎಂದು ಅವನು ಕಾಗದದ ಕಡೆ ತಿರುಗಿದ. ಒಂಬತ್ತು ತಿಂಗಳು ಊರೆಲ್ಲ ಎದೆ ಸೆಟೆಸಿ ತಿರುಗಿದ ಬಾಳಪ್ಪ, ಮಧ್ಯಾಹ್ನವೆಲ್ಲ ಕಂಡಕಂಡವರಿಗೆ ಕೈ ಮುಗಿದ. ಏನೂ ಆಗಲಿಲ್ಲ.

"ನಾ ಬಾಗಲದಾಗ ನಿಂತಿರತೇನಪ್ಪ" ಎಂದ ಮಗ, ಡಬ್ಬಿ ಹತ್ತುವ ಮುಂದೆ.

"ಆಕಿ ಸಂಜಿ ಗಾಡಿಗೆ ಬರಾಕಿ. ನಿಮ್ಮ ಗಾಡಿ ಹೋಗೂಮುಂದ ಅಲ್ಲಿರೂದಿಲ್ಲ."

"ಆದ್ರೂ ನಿಂತಿರತೇನಿ."

ಇಂಜಿನ್ನು ಕೂಗಿತು. ಹುಡುಗರು ಜೈಕಾರ ಹಾಕಿದರು. ಮಗ ಬಾಗಿಲಲ್ಲಿ ನಿಂತು ಏನೋ ಹೇಳಿದ, ಕೇಳಲಿಲ್ಲ. ಆಗ ಎರಡು ಬೆರಳು ಕಣ್ಣಿಗೆ ಮುಟ್ಟಿಸಿ ಅಂಗೈ ತಿರುವಿದ. ಬಾಳಪ್ಪ ಎದೆಯ ಮೇಲೆ ಕೈಯಿಟ್ಟ. ಕೊನೆಯ ಡಬ್ಬಿ ಹೋದ ಮೇಲೂ ಆ ಕೈ ತೆಗೆಯುವುದನ್ನು ಮರೆತ.

ನಾಲ್ಕೂವರೆಯ ಗಾಡಿಗೆ ಒಬ್ಬನೇ ಹತ್ತಿದ. ಹೆಂಡತಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. ದೇಸೂರ ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಬಿಚ್ಚಿಹೋಯಿತು.

ಖಾನಾಪುರದಲ್ಲಿ ಇಳಿಯುತ್ತಲೇ ಶಿವಬಸವ್ವ ಎದುರಿಗೆ ಬಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಹೋಳಿಗೆಯ ಡಬ್ಬಿ. ಮುಖ ಅರಳಿತ್ತು.

"ಮನ್ಯಾಗ ಕುಂತ್ರ ಜೀವ ತಡೀಲಿಲ್ರಿ. ಮಧ್ಯಾಹ್ನನ ಬಂದ ಕುಂತೇನಿ" ಎಂದಳು. "ಆಗಳೆ ಒಂದು ಮಿಲಿಟರಿ ಗಾಡಿ ಹೋತು. ನಿಲ್ಲಲೇ ಇಲ್ಲ. ಪಾಪ, ಎಲ್ಲಾ ಸಣ್ಣ ಸಣ್ಣ ಹುಡುಗ್ರು. ಅದರಾಗ ಒಬ್ಬಾಂವ ಬೋಳ ತಲೀದು, ಬಡಕಲ, ಬಾಗಲದಾಗ ನಿಂತು ನನ್ನ ಕಡೆ ನೋಡಿ ಹಿಂಗ ಮಾಡಿದ ನೋಡ್ರಿ."

ಅವಳು ಎರಡು ಬೆರಳು ಕಣ್ಣಿಗೆ ಮುಟ್ಟಿಸಿ ಅಂಗೈ ತಿರುವಿದಳು.

"ನಮ್ಮ ಮಗ್ಗದವರ ಪೈಕಿ ಯಾರದೋ ಹುಡುಗ ಇರಬೇಕು. ಅವನ ಅವ್ವ ಎಲ್ಲಿ ಕುಂತಾಳೋ."

"ನೀ ಏನ ಮಾಡಿದಿ?" ಎಂದಷ್ಟೇ ಕೇಳಿದ ಬಾಳಪ್ಪ.

"ಏನ ಮಾಡ್ಲಿ, ಎದಿ ಮ್ಯಾಲ ಕೈ ಇಟ್ಟೆ. ಹೋಗಪಾ, ನಾ ನೋಡತೇನಿ ಅಂದೆ. ಅಷ್ಟಕ್ಕ ನಕ್ಕ ನೋಡ್ರಿ ಅಂವ."

ಹೇಳುತ್ತಲೇ ಅವಳು ಗಂಡನ ಹೆಗಲಾಚೆ ಗಾಡಿಯ ಬಾಗಿಲ ಕಡೆ ಇಣುಕಿದಳು. ಇಳಿಯುವವರೆಲ್ಲ ಇಳಿದಿದ್ದರು.

"ಎಲ್ರೀ, ನಮ್ಮಾಂವ ಇನ್ನೂ ಇಳದಿಲ್ಲೇನು?"